ಸೋದರತ್ತೆಯ ಬದಲಿಗೆ ನಾನು, ಸಿಮ್ಮಿನ ಬದಲಿಗೆ ವೈಫೈ

ಫೋನಿನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ನಾಸಿಕ್ ಊರಿನಲ್ಲಿ ಒಬ್ಬರು ಗಟ್ಟಿಯಾಗಿ ನಂಬಿದ್ದರು. ಆ ಒಬ್ಬರು ನಾನೇ.

ಊರಿನ ಅಂಬಡ ಭಾಗದ ಒಂದು ಕಾರ್ಖಾನೆಯಲ್ಲಿ ನಾನು ಸ್ಟೋರ್ ಕೀಪರ್. ನಟ್ಟು, ಬೋಲ್ಟು, ಬೇರಿಂಗು ಕೊಡುವುದು ಹೊಟ್ಟೆಪಾಡು. ನನ್ನ ನಿಜವಾದ ವಿದ್ಯೆ ಫೋನು. ನಮ್ಮ ಬಿಲ್ಡಿಂಗಿನಲ್ಲಿ ಯಾರ ಫೋನು ಹಟ ಹಿಡಿದರೂ ನನ್ನ ಹತ್ತಿರ ತರುತ್ತಾರೆ. ನಾನು ಗಂಭೀರವಾಗಿ ಕನ್ನಡಕ ಏರಿಸಿ, ಫೋನನ್ನು ಬಂದ್ ಮಾಡಿ, ಮತ್ತೆ ಚಾಲೂ ಮಾಡಿ ಕೊಡುತ್ತೇನೆ. ಬಹಳಷ್ಟು ಸಲ ಸರಿಯಾಗುತ್ತದೆ. ಸರಿಯಾಗದಿದ್ದರೆ "ಇದರ ಆಯುಷ್ಯ ಮುಗಿದದ, ಹೊಸಾದು ತಗೋರಿ" ಎನ್ನುತ್ತೇನೆ. ತಜ್ಞ ಎನಿಸಿಕೊಳ್ಳಲು ಇಷ್ಟೇ ಸಾಕು.

ಈ ತಜ್ಞತೆಯನ್ನು ನಂಬದವಳು ನನ್ನ ಹೆಂಡತಿ ಮಹಾನಂದಾ ಒಬ್ಬಳೇ. ಆದರೆ ಮೊನ್ನೆ ನಂಬಬೇಕಾಯಿತು. ಬೇರೆ ದಾರಿ ಇರಲಿಲ್ಲ, ಯಾಕೆಂದರೆ ಅವಳ ಎಡಗಾಲು ಪ್ಲಾಸ್ಟರಿನಲ್ಲಿತ್ತು. ಗ್ಯಾಲರಿ ಎನ್ನುವ ನಮ್ಮ ಬಾಲ್ಕನಿಯಲ್ಲಿ ವಾಷಿಂಗ್ ಮಷೀನಿನ ಪೈಪು ಸೋರಿ, ಆ ನೀರಿನಲ್ಲಿ ಜಾರಿ ಬಿದ್ದಿದ್ದಳು. ಆ ಪೈಪನ್ನು ಹಿಂದಿನ ದಿನ ಯಾರು ರಿಪೇರಿ ಮಾಡಿದ್ದರು ಎಂಬ ಚರ್ಚೆ ಇಲ್ಲಿ ಬೇಡ.

ಬಿದ್ದದ್ದಕ್ಕಿಂತ ದೊಡ್ಡ ಸಂಕಟ ಬೇರೆ ಇತ್ತು. ಅವಳ ತಮ್ಮ ಬಸವರಾಜ ಬಿಡಕಿನ್‌ನ ಹೊಸ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್, ಮನೆ ಸಂಭಾಜಿನಗರದಲ್ಲಿ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಅವನಿಗೆ ಹೆಣ್ಣು ಕೂಸು ಹುಟ್ಟಿತ್ತು. ಹತ್ತೇ ದಿನದಲ್ಲಿ ತೊಟ್ಟಿಲ ಕಾರ್ಯ, ಹಾಲ್ ಕೂಡ ಗೊತ್ತುಮಾಡಿ ಆಗಿತ್ತು. ನಮ್ಮ ಬೀದರ ಕಡೆ ಕೂಸಿಗೆ ಹೆಸರಿಡುವ ಹಕ್ಕು ಅಪ್ಪನದಲ್ಲ, ಅವ್ವನದಲ್ಲ. ಅದು ಸೋದರತ್ತೆಯದು, ಅಂದರೆ ಅಪ್ಪನ ಅಕ್ಕನದು ಅಥವಾ ತಂಗಿಯದು. ಅವಳು ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಯಲ್ಲಿ "ಕುರ್‌ರ್" ಎಂದು ಹೆಸರು ಉಸುರುತ್ತಾಳೆ. ಅದೇ ಹೊತ್ತಿಗೆ ಹಿಂದೆ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಯಾಕೆ ಗುದ್ದುತ್ತಾರೆಂದು ಯಾರಿಗೂ ಗೊತ್ತಿಲ್ಲ. ಕೇಳಿದವರಿಗೂ ಒಂದು ಬೀಳುತ್ತದೆ.

ಬಸವರಾಜನಿಗೆ ಇದ್ದ ಅಕ್ಕ ಮಹಾನಂದಾ ಒಬ್ಬಳೇ. ಒಂಬತ್ತು ವರ್ಷ ಅವಳು ಈ ಗುದ್ದಿಗಾಗಿ ಕಾದಿದ್ದಳು. ಹೆಸರೂ ಆರಿಸಿದ್ದಳು. ಏನೆಂದು ಕೇಳಿದರೆ ಹೇಳುತ್ತಿರಲಿಲ್ಲ. ಅವಳ ತವರಿನಲ್ಲಿ ಹೆಸರು ಕೂಸಿನ ಕಿವಿಗೆ ಬೀಳುವ ಮೊದಲು ಬೇರೆ ಯಾರ ಕಿವಿಗೂ ಬೀಳಬಾರದು.

"ನನಗರೆ ಹೇಳು," ಎಂದೆ.

"ನಿಮಗ ಹೇಳೋದೂ ಒಂದೇ, ಪೇಪರಿಗಿ ಕೊಡೋದೂ ಒಂದೇ," ಎಂದಳು.

ಅಕ್ಕ ಬಿದ್ದ ಸುದ್ದಿ ಕೇಳಿ ಬಸವರಾಜ ತಕ್ಷಣ ಫೋನ್ ಮಾಡಿದ. "ಅಕ್ಕ, ಪ್ಲಾಸ್ಟರ್ ತಗೀಲಿ, ಆಮ್ಯಾಲೇ ಮಾಡೋಣು. ಒಂದೂವರೆ ತಿಂಗಳದಾಗ ಏನ್ ಆಗತದ?"

ಮಹಾನಂದಾಳ ಮುಖ ಅರಳಿತು. "ಹೂಂ" ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ನಾನು ಫೋನು ಕಸಿದುಕೊಂಡೆ. ಈ ಕಥೆಯ ಎಲ್ಲ ಅನಾಹುತಕ್ಕೂ ಆ ಕೈಯೇ ಕಾರಣ.

"ಮುಂದ ಹಾಕೋದು ಯಾಕ ಬಸವರಾಜ? ಈ ಕಾಲದಾಗ ದೂರ ಅನ್ನೋದೇ ಇಲ್ಲ. ನಾ ಬರತೀನಿ. ನಿಮ್ಮ ಅಕ್ಕ ನನ್ನ ಫೋನಿನೊಳಗ ಬರತಾಳ. ವಿಡಿಯೋ ಕಾಲಿನಾಗ ಕೂಸಿನ ಕಿವಿಗೆ ಹೆಸರು ಹೇಳತಾಳ."

"ನೆಟ್‌ವರ್ಕ್ ಕೈ ಕೊಟ್ರ, ಮಾಮಾ?"

"ನೆಟ್‌ವರ್ಕ್ ನನಗ ಬಿಡು," ಎಂದೆ. ಬಿಟ್ಟ, ಪಾಪ.

ಮಹಾನಂದಾ ಆಗಲೇ ಒಂದು ಮಾತು ಹೇಳಿದ್ದಳು. "ವಿಡಿಯೋ ಯಾಕ್ರಿ? ಸಾದಾ ಫೋನ್ ಹಚ್ಚಿ ಕೂಸಿನ ಕಿವೀಗಿ ಹಿಡೀರಿ. ಸಾಕು."

"ಸಾದಾ ಫೋನಾ? ಇದೇನು ಗ್ಯಾಸ್ ಸಿಲಿಂಡರ್ ಬುಕ್ ಮಾಡೋ ಕೆಲಸೇನು?" ಎಂದು ನಕ್ಕೆ. ಈಗ ನೆನೆದರೆ ಆ ನಗು ನನ್ನ ಹಲ್ಲಿಗೇ ನೋಯುತ್ತದೆ.

ಆಮೇಲೆ ನಾನು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಅವಳಿಗೆ ಶಾಸ್ತ್ರ ಬೋಧಿಸಿದೆ. ಮನೆಯೊಳಗೆ ಫೋನು ವೈಫೈ ಮೇಲೆ ನಡೆಯುತ್ತದೆ, ಹೊರಗೆ ಸಿಮ್ಮಿನ ನೆಟ್‌ವರ್ಕ್ ಮೇಲೆ. ವೈಫೈ ಕ್ಷೀಣಿಸಿತು ಅಂದರೆ ಫೋನು ತಾನಾಗಿಯೇ ಅದರ ಕೈ ಬಿಟ್ಟು ಸಿಮ್ಮಿನ ಕೈ ಹಿಡಿಯುತ್ತದೆ. ಮಾತಾಡುವವರಿಗೆ ಗೊತ್ತೂ ಆಗುವುದಿಲ್ಲ. ಸೆಟ್ಟಿಂಗಿನಲ್ಲಿ ಅದಕ್ಕೊಂದು ಗುಂಡಿ ಇದೆ, ನಾನು ಅದನ್ನು ಒತ್ತಿಟ್ಟಿದ್ದೇನೆ, ಹೀಗೆ.

"ಒಂದರ ಕೈ ಬಿಟ್ಟು ಇನ್ನೊಂದರ ಕೈ ಹಿಡಿಯೋವಾಗ ನಡುವ ಬೀಳಂಗಿಲ್ಲೇನ್ರಿ?" ಎಂದು ಕೇಳಿದಳು.

ಕಾಲು ಮುರಿದವಳು ಬೀಳುವುದರ ಬಗ್ಗೆ ಕೇಳುವುದು ಸಹಜ ಎಂದು ನಾನು ಕ್ಷಮಿಸಿದೆ.

ಆದರೂ ತಜ್ಞರಾದವರು ಪ್ರಯೋಗ ಮಾಡಬೇಕು. ಅವಳಿಗೆ ವಿಡಿಯೋ ಕಾಲ್ ಹಚ್ಚಿ, ಮಾತಾಡುತ್ತಲೇ ಮನೆಯಿಂದ ಮೂಲೆಯ ಕಿರಾಣಿ ಅಂಗಡಿಯವರೆಗೆ ನಡೆದೆ. ಕಂಪೌಂಡಿನ ಗೇಟಿನ ಹತ್ತಿರ ಚಿತ್ರ ನಿಂತುಬಿಟ್ಟಿತು. ಹನ್ನೊಂದು ಸೆಕೆಂಡ್ ಆದಮೇಲೆ ಮತ್ತೆ ಬಂತು. ವಿಜಯಶಾಲಿಯಾಗಿ ಮನೆಗೆ ಬಂದು, "ನೋಡಿದೇನು? ಬರೇ ಹನ್ನೊಂದು ಸೆಕೆಂಡ್," ಎಂದೆ.

"ಹೆಸರು ಹೇಳಲಿಕ್ಕ ಎಷ್ಟ್ ಸೆಕೆಂಡ್ ಬೇಕ್ರಿ?" ಎಂದಳು.

ಇಂಥ ಪ್ರಶ್ನೆಗಳಿಗೆ ವಿಜ್ಞಾನದಲ್ಲಿ ಉತ್ತರ ಇರುವುದಿಲ್ಲ. ನಾನು ಚಹಾ ಮಾಡಲು ಎದ್ದುಹೋದೆ.

ಕಾರ್ಯದ ದಿನ ಪಕ್ಕದ ಮನೆಯ ಮರಾಠಿ ಕಾಕುವನ್ನು ಮಹಾನಂದಾಳ ಹತ್ತಿರ ಕೂರಿಸಿ, ಬೆಳಗಿನ ಎಸ್‌ಟಿ ಬಸ್ಸು ಹಿಡಿದೆ. ಹೊರಡುವಾಗ ಅವಳು ರೇಷ್ಮೆ ಸೀರೆ ಉಟ್ಟು, ಮುಡಿಗೆ ಮಲ್ಲಿಗೆ ಮುಡಿದು, ಪ್ಲಾಸ್ಟರಿನ ಕಾಲನ್ನು ದಿಂಬಿನ ಮೇಲಿಟ್ಟು ಕೂತಿದ್ದಳು. ಫೋನಿನಲ್ಲಿ ಕಾಲು ಕಾಣಬಾರದು ಎಂದು ಮೂರು ಸಲ ಹೇಳಿದಳು. ಕಾಣುವುದಿಲ್ಲ ಎಂದು ನಾನು ಮಾತು ಕೊಟ್ಟೆ. ಆ ಮಾತೊಂದನ್ನು ನಾನು ಉಳಿಸಿಕೊಂಡೆ. ಕಾಲೂ ಕಾಣಲಿಲ್ಲ, ಅವಳೂ ಕಾಣಲಿಲ್ಲ.

ಸಂಭಾಜಿನಗರದ ಆ ಹಾಲ್ ಉದ್ದವಾಗಿತ್ತು, ರೈಲಿನ ಡಬ್ಬಿಯಂತೆ. ಬಾಗಿಲ ಬಳಿ ಮ್ಯಾನೇಜರನ ಕೋಣೆ, ವೈಫೈ ಡಬ್ಬಿ ಇದ್ದದ್ದು ಅಲ್ಲಿ. ತೊಟ್ಟಿಲು ಕಟ್ಟಿದ್ದು ಇನ್ನೊಂದು ತುದಿಯಲ್ಲಿ, ಎರಡು ದಪ್ಪ ಗೋಡೆಗಳ ಆಚೆ. ನಾನು ಮ್ಯಾನೇಜರನಿಂದ ಪಾಸ್‌ವರ್ಡ್ ಪಡೆದು ವೈಫೈ ಹಚ್ಚಿದೆ. ಗೆರೆಗಳು ಪೂರ್ತಿ ತುಂಬಿದವು.

ಬಸವರಾಜ ಬಂದು ಕಾಲಿಗೆ ನಮಸ್ಕಾರ ಮಾಡಿ, "ಮಾಮಾ, ಈ ವೈಫೈ ತೊಟ್ಟಲ ತನಕ ಬರಂಗಿಲ್ಲ. ಸಿಮ್ ಮ್ಯಾಲೇ ಇಡ್ರಿ. ಇಲ್ಲಿ ಸಿಮ್ ನೆಟ್‌ವರ್ಕ್ ಭಾಳ ಚೊಲೋ ಅದ," ಎಂದ.

"ಬರದಿದ್ರ ತಾನೇ ಸಿಮ್ಮಿಗೆ ಹಾರತದ. ನೋಡ್ತಾ ಇರು," ಎಂದೆ. ಅವನು ನೋಡುತ್ತಾ ಇದ್ದ.

ಬಾಗಿಲಲ್ಲಿ ನಿಂತು ಮಹಾನಂದಾಳಿಗೆ ಹಾಲ್‌ನ ದರ್ಶನ ಮಾಡಿಸತೊಡಗಿದೆ. ಹೂವಿನ ಕಮಾನು, ಗುಗ್ಗರಿಯ ಬುಟ್ಟಿ, ಬೀಗರು. ಎಲ್ಲರೂ ಫೋನಿಗೆ ಕೈ ಮುಗಿದರು. ಅಷ್ಟರಲ್ಲಿ ನಮ್ಮ ಕಾರ್ಖಾನೆಯಿಂದ ಫೋನ್ ಬಂತು. ವಿಡಿಯೋ ನಿಂತಿತು. ಯಾವುದೋ ಬೇರಿಂಗು ಯಾವ ರ‍್ಯಾಕಿನಲ್ಲಿದೆ ಎಂದು ಕೇಳಿದರು. ಹೇಳಿದೆ. ಎರಡು ನಿಮಿಷಕ್ಕೆ ಮತ್ತೆ ಬಂತು, ಆ ರ‍್ಯಾಕಿನಲ್ಲಿ ಇಲ್ಲವಂತೆ. ಮೂರನೇ ಸಲ ಬಂದಾಗ ನನ್ನೊಳಗಿನ ತಜ್ಞ ಎದ್ದು ನಿಂತ.

ವಿಮಾನದಲ್ಲಿ ಕೂತವರಿಗಾಗಿ ಫೋನಿನಲ್ಲಿ ಒಂದು ಗುಂಡಿ ಇರುತ್ತದಲ್ಲ, ಅದನ್ನು ಒತ್ತಿದೆ. ಒತ್ತಿದರೆ ಹೊರಗಿನ ಕರೆ ಒಂದೂ ಬರುವುದಿಲ್ಲ. ಆಮೇಲೆ ವೈಫೈ ಒಂದನ್ನು ಮಾತ್ರ ಮತ್ತೆ ಚಾಲೂ ಮಾಡಿ ಮಹಾನಂದಾಳನ್ನು ಕರೆದೆ. ಬಂದಳು, ಮಲ್ಲಿಗೆ ಸಮೇತ, ಥಳಥಳ. ಕಾರ್ಖಾನೆಯ ಕಾಟ ತಪ್ಪಿತು. ಈ ಉಪಾಯ ಎಷ್ಟು ಜನಕ್ಕೆ ಹೊಳೆದೀತು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಆ ಬೆನ್ನಿಗೆ ಇನ್ನೂ ಏನೇನು ಕಾದಿತ್ತೋ ಗೊತ್ತಿರಲಿಲ್ಲ.

ತೊಟ್ಟಿಲ ಹತ್ತಿರ ಹೆಂಗಸರು ಸೇರಿದ್ದರು. ಅವರ ಮುಖಂಡೆ ಕಸ್ತೂರಿ ಕಾಕು, ಮಹಾನಂದಾಳ ಚಿಕ್ಕಪ್ಪನ ಹೆಂಡತಿ. ಕೈಗೆ ತಲಾ ಒಂದು ಡಜನ್ ಬಳೆ, ಜೋಳದ ರೊಟ್ಟಿ ಬಡಿದು ಬಡಿದು ಗಟ್ಟಿಯಾದ ಅಂಗೈ. ಪೂಜೆ ಮುಗಿಸಿದ ಅಯ್ಯನವರು ಗಡಿಯಾರ ನೋಡಿ, "ಘಳಿಗಿ ಇನ್ನ ನಾಕು ನಿಮಿಷ ಅದ. ಹೆಸರು ಇಡಸ್ರಿ," ಎಂದರು.

ನಾನು ಫೋನನ್ನು ಆರತಿ ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು ಹಾಲ್‌ನ ಉದ್ದಕ್ಕೂ ನಡೆದೆ. ಮೊದಲ ಗೋಡೆ ದಾಟಿದಾಗ ವೈಫೈ ಎರಡು ಗೆರೆಗೆ ಇಳಿಯಿತು. ಎರಡನೇ ಗೋಡೆ ದಾಟಿದಾಗ ಒಂದೇ ಗೆರೆ. ಈಗ ಹಾರುತ್ತದೆ, ಈಗ ಸಿಮ್ಮಿಗೆ ಹಾರುತ್ತದೆ ಎಂದು ಕಾದೆ. ತೊಟ್ಟಿಲಿಗೆ ಬಗ್ಗಿ ಫೋನನ್ನು ಕೂಸಿನ ಕಿವಿಯ ಹತ್ತಿರ ಹಿಡಿದು, "ಹೂಂ, ಹೇಳು," ಎಂದೆ.

ಮಹಾನಂದಾ ಬಾಯಿ ತೆರೆದಳು. ತೆರೆದ ಬಾಯಿ ತೆರೆದ ಹಾಗೇ ನಿಂತಿತು.

ಹನ್ನೊಂದು ಸೆಕೆಂಡ್ ಎಣಿಸಿದೆ. ಇಪ್ಪತ್ತೆರಡು ಎಣಿಸಿದೆ. ಅವಳ ಮುಖ ಚೌಕ ಚೌಕವಾಗಿ ಒಡೆದು, ಆಮೇಲೆ ಅದೂ ಹೋಗಿ, ಕಪ್ಪು ತೆರೆಯ ಮೇಲೆ ಒಂದು ಚಕ್ರ ತಿರುಗತೊಡಗಿತು. ಕಡೇ ಆಸೆಯೆಂದು ಫೋನಿಗೆ ಬಾಯಿ ಹಚ್ಚಿ, "ಕೇಳಸ್ತದೇನು? ಹಿಂಗ ಅನ್ನು, ಕುರ್‌ರ್," ಎಂದು ತೋರಿಸಿಕೊಟ್ಟೆ.

ಫೋನಿದ್ದದ್ದು ಕೂಸಿನ ಕಿವಿಯ ಹತ್ತಿರ. ಆದ್ದರಿಂದ ನನ್ನ ಬಾಯಿಯೂ ಅಲ್ಲೇ ಇತ್ತು. ನನ್ನ ಕುರ್‌ರ್ ನೆಟ್‌ವರ್ಕಿನ ಹಂಗಿಲ್ಲದೆ ನೇರವಾಗಿ ಕೂಸಿನ ಕಿವಿಗೆ ಮುಟ್ಟಿತು.

ಕುರ್‌ರ್ ಕೇಳಿದ್ದೇ ತಡ, ಬೆನ್ನಿಗೆ ಮೊದಲ ಗುದ್ದು ಬಿತ್ತು. ಅದು ಕಸ್ತೂರಿ ಕಾಕುವಿನದು. ರೊಟ್ಟಿ ಬಡಿದ ಕೈ ಅಂದರೆ ಏನೆಂದು ಅವತ್ತು ತಿಳಿಯಿತು. ಹಿಂದೆಯೇ ಉಳಿದವರೂ ಶುರು ಮಾಡಿದರು. ಕಲಬುರಗಿಯ ಬೀಗರ ಕಡೆಯವರಂತೂ ಯಾವ ಸಂಕೋಚವನ್ನೂ ಇಟ್ಟುಕೊಳ್ಳಲಿಲ್ಲ.

"ತಡೀರಿ, ಅಕಿ ಇನ್ನಾ ಹೇಳಿಲ್ಲ, ನೆಟ್‌ವರ್ಕ್..." ಎಂದೆ. ಗುದ್ದು.

"ಅಳಿಯಾರ, ಕುರ್‌ರ್ ಅಂದ ಮ್ಯಾಲ ಕಿವಿ ಖಾಲಿ ಬಿಡಬಾರದು. ಹೆಸರು ಹೇಳ್ರಿ ಮೊದಲ," ಎಂದಳು ಕಾಕು. ಗುದ್ದು.

"ಹೆಸರು ನನಗ ಗೊತ್ತಿಲ್ರಿ."

"ಹೆಂಡ್ತಿ ಹೇಳಿಲ್ಲದ ಹ್ಯಾಂಗ ಇರತದ? ನಾಚಬ್ಯಾಡ್ರಿ." ಗುದ್ದು.

"ಒಂದ ನಿಮಿಷ ಉಳದದ," ಎಂದರು ಅಯ್ಯನವರು.

ಆ ಒಂದು ನಿಮಿಷದಲ್ಲಿ ನನ್ನ ತಲೆಯಲ್ಲಿ ಲೋಕದ ಹೆಣ್ಣು ಹೆಸರುಗಳೆಲ್ಲ ಅಳಿಸಿಹೋದವು. ಹೆಂಡತಿಯ ಹೆಸರೂ ನೆನಪಾಗಲಿಲ್ಲ. ಗಾಬರಿಬಿದ್ದ ಮನುಷ್ಯನಿಗೆ ಯಾರು ನೆನಪಾಗುತ್ತಾರೆ? ಅವ್ವ ನೆನಪಾಗುತ್ತಾಳೆ. ಮುಂದಿನ ಗುದ್ದಿಗೆ ಹೆಸರು ತಾನಾಗಿ ಬಾಯಿಂದ ಉದುರಿತು.

"ನೀಲಮ್ಮ."

ಅದು ನಮ್ಮವ್ವನ ಹೆಸರು. ಭಾಲ್ಕಿಯಲ್ಲಿ ನನ್ನ ಅಣ್ಣನ ಮನೆಯಲ್ಲಿ ಗಟ್ಟಿಮುಟ್ಟಾಗಿದ್ದಾಳೆ. ನಮ್ಮವ್ವನಿಗೂ ಮಹಾನಂದಾಳಿಗೂ ಇರುವ ಸಂಬಂಧವನ್ನು ಮರ್ಯಾದೆಯ ಭಾಷೆಯಲ್ಲಿ ಹೇಳುವುದು ಕಷ್ಟ. ಸಾರಿಗೆ ಹುಣಸೆಹಣ್ಣು ಎಷ್ಟು ಹಾಕಬೇಕು ಎಂಬಲ್ಲಿಂದ ಶುರುವಾದ ಭಿನ್ನಾಭಿಪ್ರಾಯ ಹದಿನೆಂಟು ವರ್ಷದಲ್ಲಿ ಎಲ್ಲ ವಿಷಯಗಳಿಗೂ ಹಬ್ಬಿತ್ತು. ಈಗ ಆ ಹೆಸರನ್ನು ನಾನು ಅವಳ ತವರಿನ ತೊಟ್ಟಿಲಲ್ಲಿ ಮಲಗಿಸಿದ್ದೆ.

"ನೀಲಮ್ಮ ಅಂತರ್‍ರೀ," ಎಂದು ಕಾಕು ಹಾಲ್‌ಗೆಲ್ಲ ಕೇಳುವಂತೆ ಕೂಗಿದಳು. ಜನ ಚಪ್ಪಾಳೆ ತಟ್ಟಿದರು. ಬಸವರಾಜ ಮಾತ್ರ ದಂಗಾಗಿ ನಿಂತಿದ್ದ. ಅತ್ತೆ ಸೊಸೆಯ ವಿಷಯ ಅವನಿಗೆ ಚೆನ್ನಾಗಿ ಗೊತ್ತು. ನೋಡನೋಡುತ್ತಲೇ ಅವನ ಕಣ್ಣಲ್ಲಿ ನೀರು ತುಂಬಿತು.

"ನಮ್ಮಕ್ಕ ತನ್ನ ಅತ್ತಿ ಹೆಸರು ಇಟ್ಳು, ಮಾಮಾ. ಎಷ್ಟ ದೊಡ್ಡ ಮನಸು ಅಕಿದು."

"ಸೊಸಿ ಅಂದ್ರ ಹಿಂಗಿರಬೇಕು," ಎಂದು ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಗಲೇ ಒಬ್ಬರು ಭಾಲ್ಕಿಗೆ ಫೋನ್ ಹಚ್ಚಿ ನಮ್ಮವ್ವನಿಗೆ ಶುಭ ಸುದ್ದಿ ಮುಟ್ಟಿಸುತ್ತಿದ್ದರು. ಅವರ ಫೋನು ಸಿಮ್ಮಿನ ಮೇಲಿತ್ತು. ಸುದ್ದಿ ಕ್ಷಣದಲ್ಲಿ ಮುಟ್ಟಿತು.

ನಾನು ಬಾಯಿ ಬಿಡಬೇಕಿತ್ತು. ಇಲ್ಲರಿ, ಇದು ಅವಳು ಇಟ್ಟ ಹೆಸರಲ್ಲ ಎನ್ನಬೇಕಿತ್ತು. ಅನ್ನಲಿಲ್ಲ. ಜನ ಹೊಗಳುತ್ತಿರುವಾಗ ತಜ್ಞನಾದವನು ತಪ್ಪು ಒಪ್ಪಿಕೊಳ್ಳುವುದು ಹೇಗೆ? ನೆಟ್‌ವರ್ಕಿಗೆ ಬೈಯುತ್ತಾ ಫೋನನ್ನು ಅಲ್ಲಾಡಿಸುತ್ತಾ ನಿಂತೆ.

ಕೂಸಿನ ತಾಯಿ ಸುಜಾತಾ ಹೆಚ್ಚು ಮಾತಿನವಳಲ್ಲ. ಕುರ್ಚಿಯಲ್ಲಿ ಸುಮ್ಮನೆ ಕೂತು ನನ್ನ ಫೋನನ್ನೇ ನೋಡುತ್ತಿದ್ದಳು. ಮೆಲ್ಲಗೆ, "ಅಣ್ಣಾರ, ಇದರಾಗ ಮ್ಯಾಲ ವಿಮಾನದ ಚಿತ್ರ ಅದಲ್ರಿ. ವಿಮಾನ ಚಾಲೂ ಇದ್ರ ಸಿಮ್ ಬಂದ್ ಆಗಿರತದಲ್ರಿ?" ಎಂದಳು.

ನೋಡಿದೆ. ಸಣ್ಣ ವಿಮಾನ. ಫೋನು ಸಿಮ್ಮಿಗೆ ಹಾರುತ್ತದೆ ಎಂದು ಲೋಕಕ್ಕೆಲ್ಲ ಸಾರಿದವನು, ಹಾರಿ ಹೋಗಬೇಕಾದ ಜಾಗಕ್ಕೆ ಸ್ವಂತ ಕೈಯಿಂದ ಬೀಗ ಹಾಕಿದ್ದೆ! ಪಾಪದ ಫೋನು ಎಲ್ಲಿಗೆ ಹಾರಬೇಕು?

ಸುಜಾತಾ ಒಂದು ಬೆರಳಿನಿಂದ ವಿಮಾನವನ್ನು ಬಂದ್ ಮಾಡಿ, ತಾನೇ ನಾದಿನಿಗೆ ವಿಡಿಯೋ ಕಾಲ್ ಹಚ್ಚಿದಳು. ಮೂರು ಸೆಕೆಂಡಿಗೆ ಮಹಾನಂದಾ ಪ್ರತ್ಯಕ್ಷಳಾದಳು. ಅಂಥ ಸ್ಪಷ್ಟವಾದ ಚಿತ್ರವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅವಳಿಗೂ ಈ ಕಡೆಯದೆಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು. ಕಸ್ತೂರಿ ಕಾಕು ಫೋನಿನ ಮುಂದೆ ಬಂದು, "ನೀಲಮ್ಮ ಅಂತ ಇಟ್ಟು ನಮ್ಮ ಮಾನ ಕಾಯ್ದಿ ನೋಡು ಮಗಳೆ. ಅತ್ತಿ ಮ್ಯಾಲ ಇಷ್ಟ ಜೀವ ಅದ ಅಂತ ಗೊತ್ತಿರಲಿಲ್ಲ," ಎಂದಳು.

ಮಹಾನಂದಾ ಮುಡಿಯ ಮಲ್ಲಿಗೆ ತೆಗೆದು ಪಕ್ಕಕ್ಕಿಟ್ಟಳು. ಆಮೇಲೆ, "ಫೋನ್ ಅವರ ಕೈಯಾಗ ಕೊಡ್ರಿ," ಎಂದಳು. ಕೊಟ್ಟರು.

"ಹೆಸರು ಯಾರು ಇಟ್ರು?"

"ಅದು ಏನಾಯ್ತಂದ್ರ, ವೈಫೈ..."

"ಊಟ ಮಾಡಿ ಬರ್‍ರಿ," ಎಂದು ಫೋನಿಟ್ಟಳು.

ಮನೆಗೆ ಬಂದಮೇಲೆ ಎರಡು ದಿನ ಅವಳು ಬೈಯಲಿಲ್ಲ. ಬೈದಿದ್ದರೆ ನೆಮ್ಮದಿಯಾಗುತ್ತಿತ್ತು. ಅತ್ತ ನಮ್ಮವ್ವ ಭಾಲ್ಕಿಯ ಓಣಿಗೆಲ್ಲ ಪೇಢೆ ಹಂಚಿದ್ದಳು. ಮೂರನೇ ದಿನ ಮಹಾನಂದಾ ಗೋಡೆ ಕಡೆ ಮುಖ ಮಾಡಿಕೊಂಡೇ ಹೇಳಿದಳು: "ಶಿವಲೀಲಾ ಅಂತ ಇಡಬೇಕಂತ ಮಾಡಿದ್ದೆ. ನಮ್ಮವ್ವನ ಹೆಸರು."

ಅವರವ್ವ ತೀರಿಕೊಂಡು ವರ್ಷವೂ ತುಂಬಿರಲಿಲ್ಲ. ನನಗೆ ನಿಜವಾಗಿ ನಾಚಿಕೆಯಾಯಿತು. ಬೆನ್ನ ನೋವಿಗೆ ಎಣ್ಣೆ ಹಚ್ಚು ಎಂದು ಕೇಳಲು ಬಂದಿದ್ದವನು ಎಣ್ಣೆ ಬಾಟಲಿಯನ್ನು ಹಿಂದೆ ಬಚ್ಚಿಟ್ಟುಕೊಂಡು ಹೊರಗೆ ಬಂದೆ. ಗ್ಯಾಲರಿಯಲ್ಲಿ ನಿಂತು ಬಸವರಾಜನಿಗೆ ಫೋನ್ ಮಾಡಿ ಎಲ್ಲವನ್ನೂ ಒಪ್ಪಿಕೊಂಡೆ, ವಿಮಾನದ ಸಮೇತ. ಅವನು ಮೊದಲು ವಿಮಾನದ ಮಾತನ್ನು ಇನ್ನೊಮ್ಮೆ ಹೇಳಿಸಿದ. ಆಮೇಲೆ ನಗಲು ಶುರು ಮಾಡಿದ. ಬಹಳ ಹೊತ್ತು ನಕ್ಕ. "ಅಕ್ಕನ ಹಕ್ಕು ಎಲ್ಲಿಗೂ ಹೋಗಂಗಿಲ್ಲ, ಮಾಮಾ. ರವಿವಾರ ಕೂಸಿಗೆ ಕರಕೊಂಡ ಬರತೀವಿ. ನೀವು ಏನೂ ಮಾಡಬ್ಯಾಡ್ರಿ. ದಯಮಾಡಿ ಏನೂ ಮಾಡಬ್ಯಾಡ್ರಿ," ಎಂದ.

ಭಾನುವಾರ ಕಾರಿನಲ್ಲಿ ಬಂದರು. ಬಸವರಾಜ, ಸುಜಾತಾ, ಕೂಸು, ಗುದ್ದಲೆಂದೇ ಕಸ್ತೂರಿ ಕಾಕು. ಮಂಚಕ್ಕೇ ಸೀರೆಯ ತೊಟ್ಟಿಲು ಕಟ್ಟಿದರು. ಮಹಾನಂದಾ ಎಲ್ಲರ ಫೋನುಗಳನ್ನೂ ಒಂದು ತಾಟಿನಲ್ಲಿ ಹಾಕಿಸಿ, ಕೋಣೆಯ ಹೊರಗೆ ಇಡಿಸಿದಳು. ಕಾಯಲು ಯಾರಾದರೂ ಬೇಕಲ್ಲ ಎಂದು ನನ್ನನ್ನೂ ತಾಟಿನ ಪಕ್ಕ ಇಡಿಸಿ ಬಾಗಿಲು ಮುಚ್ಚಿಸಿದಳು.

ಆಗ ತಾಟಿನಲ್ಲಿ ನನ್ನ ಫೋನು ಹೊಡೆದುಕೊಂಡಿತು. ನಮ್ಮವ್ವನ ವಿಡಿಯೋ ಕಾಲ್. ಅಣ್ಣನ ಮಗಳು ಹಚ್ಚಿಕೊಟ್ಟಿದ್ದಳು.

"ಕೂಸು ನಿಮ್ಮನಿಗಿ ಬಂದದಂತಲ್ಲೋ. ಎಲ್ಲಿ, ನನ್ನ ಹೆಸರಿನಕಿಗಿ ತೋರಸು."

"ಅವ್ವಾ, ನೆಟ್‌ವರ್ಕ್ ಇಲ್ಲ, ನೀ ಕಾಣಸವಲ್ಲಿ," ಎಂದೆ.

"ನನಗ ನೀ ಚೊಲೋ ಕಾಣಸ್ತಿ. ಗಡ್ಡ ಮಾಡಿಕೊಂಡಿಲ್ಲ, ಅದೂ ಕಾಣಸ್ತದ."

ಒಳಗೆ ಕುರ್‌ರ್ ಕೇಳಿಸಿತು, ಹಿಂದೆಯೇ ಧಡಧಡ ಗುದ್ದು, ಆಮೇಲೆ ಕಸ್ತೂರಿ ಕಾಕುವಿನ ದನಿ: "ಶಿವಲೀಲಾ ಅಂತರ್‍ರೀ." ಫೋನಿನ ಮೇಲೆ ಕೈ ಮುಚ್ಚಿದೆ. ಮುಚ್ಚಿದ್ದು ಕ್ಯಾಮೆರಾ, ಮೈಕ್ ಅಲ್ಲ.

ನಮ್ಮವ್ವ ಫೋನಿಗೆ ಇನ್ನೂ ಹತ್ತಿರ ಬಂದಳು. "ಶಿವಲೀಲಾ? ಯಾರು ಇಟ್ರು?"

ಇನ್ನು ಬಚ್ಚಿಡಲು ಏನೂ ಉಳಿದಿರಲಿಲ್ಲ. ಎಲ್ಲ ಹೇಳಿದೆ. ಪೇಢೆ ಹಂಚಿದವಳಿಗೆ ಹೇಳುವುದು ಸುಲಭವಿರಲಿಲ್ಲ.

"ಹಂಗಾದ್ರ ಅಕಿ ತನ್ನ ಅವ್ವನ ಹೆಸರು ಇಡಬೇಕಂತ ಮಾಡಿದ್ಳು, ನೀ ನಡುವ ಬಾಯಿ ಹಾಕಿ ನನ್ನ ಹೆಸರು ತುರುಕಿದಿ," ಎಂದಳು ನಮ್ಮವ್ವ. "ಫೋನ್ ಅಕಿಗಿ ಕೊಡು."

ಬಾಗಿಲು ತಟ್ಟಿ ಯಾರ ಕಾಲ್ ಎಂದು ಹೇಳಿದೆ. ಬಾಗಿಲು ಅಂಗೈ ಅಗಲ ತೆರೆಯಿತು, ಬಳೆ ತೊಟ್ಟ ಒಂದು ಕೈ ಬಂದು ಫೋನನ್ನು ತೆಗೆದುಕೊಂಡಿತು, ಬಾಗಿಲು ಮತ್ತೆ ಮುಚ್ಚಿತು. ಫೋನಿಗೆ ಒಳಗೆ ಪ್ರವೇಶ ಸಿಕ್ಕಿತು, ನನಗೆ ಸಿಗಲಿಲ್ಲ.

ಬಾಗಿಲಿಗೆ ಕಿವಿ ಹಚ್ಚಿದೆ.

"ನಮ್ಮವ ಸಣ್ಣವಿದ್ದಾಗಿಂದ ಹುಚ್ಚೇ ಅದಾನ ನೋಡವ್ವ," ಎನ್ನುತ್ತಿದ್ದಳು ನಮ್ಮವ್ವ.

"ಹೌದ್ರಿ ಅತ್ತಿ, ಖರೇ ಹೇಳಿದ್ರಿ," ಎಂದು ಮಹಾನಂದಾ ನಗುತ್ತಿದ್ದಳು.

ಹದಿನೆಂಟು ವರ್ಷದಲ್ಲಿ ಅತ್ತೆ ಸೊಸೆ ಮೊದಲ ಸಲ ಒಂದು ವಿಷಯಕ್ಕೆ ಒಪ್ಪಿದ್ದರು. ಆ ಮಾತು ಎಲ್ಲೂ ಕಡಿಯದೆ, ತಡವರಿಸದೆ, ಮುಚ್ಚಿದ ಬಾಗಿಲು ದಾಟಿ ಅಕ್ಷರ ಅಕ್ಷರ ನನಗೆ ಮುಟ್ಟಿತು.